ಎರಡು ಗಂಟೆ, ನಾಲ್ಕು ಹಾಡು, ಪುಕ್ಕಟೆ ಡೌನ್‌ಲೋಡ್: ಲಾಭ ಯಾರಿಗೆ?

ಶಿಕಾಗೊದಲ್ಲಿ ರಾತ್ರಿ ಕಾರ್ಯಕ್ರಮ ಮುಗಿಸಿದ ಬ್ಯಾಂಡ್ ಒಂದು ಮಾರನೇ ದಿನ ಒಮಾಹಾ ಕಡೆಗೆ ಹೊರಡುತ್ತದೆ. ನಡುವೆ ಸುಮಾರು 750 ಕಿಲೋಮೀಟರ್. ವ್ಯಾನಿನಲ್ಲಿ ನಾಲ್ಕೈದು ಜನ, ಡ್ರಮ್ಸು, ಆಂಪ್ಲಿಫೈಯರು, ಮಾರೋಕೆ ಇಟ್ಟ ಟೀ ಶರ್ಟುಗಳ ಡಬ್ಬ. ಮೂರು ಗಂಟೆ ಓಡಿಸಿದರೆ ಮಿಸಿಸಿಪ್ಪಿ ನದಿಯ ದಂಡೆ ಸಿಗುತ್ತದೆ. ಅಲ್ಲಿ ರಾಕ್ ಐಲೆಂಡ್ ಅಂತ ಒಂದು ಊರು. ದೊಡ್ಡ ಸಂಗೀತ ಕಂಪನಿಯ ಆಫೀಸಿಲ್ಲ, ಬ್ಯಾಂಡುಗಳು ಮುಗಿಬೀಳುವಂಥ ವೇದಿಕೆಯೂ ಇಲ್ಲ. ಹಾಗಿದ್ದೂ 2006ರಿಂದ ಹಲವು ವರ್ಷ ಅಮೆರಿಕದ ಇಂಡಿ ಬ್ಯಾಂಡುಗಳು, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದವು, ಸಾಲುಸಾಲಾಗಿ ಇಲ್ಲಿ ವ್ಯಾನ್ ನಿಲ್ಲಿಸಿದವು. ಕಾರಣ ಡೇಟ್ರಾಟರ್ ಎಂಬ ವೆಬ್‌ಸೈಟ್.

ಷಾನ್ ಮೊಯೆಲ್ಲರ್ ಎಂಬ ಬರಹಗಾರ ಶುರು ಮಾಡಿದ ಕೆಲಸ ಅದು. ಲೆಕ್ಕ ಬಹಳ ಸರಳ. ದಾರಿಯಲ್ಲಿ ಹೋಗುವ ಬ್ಯಾಂಡು ಎರಡು ಗಂಟೆ ಇಲ್ಲಿನ ಸ್ಟುಡಿಯೊಗೆ ಬರಬೇಕು. ಅಲ್ಲೇ ಇರುವ ವಾದ್ಯಗಳಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡು ನುಡಿಸಬೇಕು. ಎಲ್ಲರೂ ಒಟ್ಟಿಗೆ, ನೇರವಾಗಿ ಅನಲಾಗ್ ಟೇಪಿಗೆ. ಆಮೇಲೆ ತಿದ್ದುವುದು, ಇನ್ನೊಂದು ಪದರ ಸೇರಿಸುವುದು ಇಲ್ಲ. ಮುಂದೆ ಆ ಹಾಡುಗಳು ವೆಬ್‌ಸೈಟಿನಲ್ಲಿ ಎಂಪಿ3 ಆಗಿ ಬರುತ್ತಿದ್ದವು, ಪುಕ್ಕಟೆ. ಜೊತೆಗೆ ಮೊಯೆಲ್ಲರ್ ಬರೆದ ಒಂದು ಲೇಖನ, ಜಾನಿ ಕ್ಲೂನಿ ಕೈಯಲ್ಲಿ ಬಿಡಿಸಿದ ಬ್ಯಾಂಡಿನ ಚಿತ್ರ. ಫೋಟೊ ಬದಲು ಚಿತ್ರ ಹಾಕಿದ್ದು ಜಾಣತನ. ನೂರು ಚಿತ್ರಗಳ ನಡುವೆ ಇಟ್ಟರೂ ಇದು ಡೇಟ್ರಾಟರ್‌ದೇ ಅಂತ ಗೊತ್ತಾಗುತ್ತಿತ್ತು. ಫ್ಲೀಟ್ ಫಾಕ್ಸಸ್, ಬಾನ್ ಇವೇರ್ ಥರದವರು ಹೆಸರು ಮಾಡುತ್ತಿದ್ದ ಕಾಲದಲ್ಲೇ ಇಲ್ಲಿ ನುಡಿಸಿ ಹೋದರು.

ಇವತ್ತು ಇದನ್ನು ನೆನಪಿಸಿಕೊಳ್ಳುವುದಕ್ಕೆ ಒಂದು ಕಾರಣ ಇದೆ. ಲೈವ್ ಸೆಷನ್ ಈಗ ಎಲ್ಲೆಲ್ಲೂ ಇದೆ. ಬೆಂಗಳೂರಿನಲ್ಲೂ ಹೊಸ ಬ್ಯಾಂಡು ಅಂದರೆ ಮೊದಲು ಕಾಣಿಸುವುದು ಅದರ ಸೆಷನ್ ವಿಡಿಯೊ. ಆದರೆ ಆ ಕಾಲದ ಮುಖ್ಯ ಭಾಗವಾಗಿದ್ದ ಪುಕ್ಕಟೆ ಫೈಲು ಮಾತ್ರ ಸದ್ದಿಲ್ಲದೆ ಮಾಯವಾಗಿದೆ. ಹಾಡು ಈಗಲೂ ಪುಕ್ಕಟೆಯೇ, ಆದರೆ ಕೈಗೆ ಸಿಗುವುದಿಲ್ಲ. ಈ ಬದಲಾವಣೆಯಲ್ಲಿ ಜಾಸ್ತಿ ಕಳೆದುಕೊಂಡವರು ಸಣ್ಣ ಬ್ಯಾಂಡುಗಳು ಅನ್ನುವುದು ನನ್ನ ವಾದ.

ಮೊದಲು ಕೋಣೆಯೊಳಗೆ ಏನಾಗುತ್ತದೆ ನೋಡೋಣ. ಈ ಸೆಷನ್‌ಗಳ ಹಾಡುಗಳು ಯಾಕೆ ಅಷ್ಟು ತೆಳ್ಳಗೆ, ಬಿಡಿಬಿಡಿಯಾಗಿ ಕೇಳಿಸುತ್ತವೆ ಅನ್ನುವುದಕ್ಕೆ ಉತ್ತರ ಅಲ್ಲಿದೆ. ಆಲ್ಬಂ ಮಾಡುವಾಗ ಡ್ರಮ್ಸ್ ಒಂದು ದಿನ, ಬೇಸ್ ಇನ್ನೊಂದು ದಿನ, ಹಾಡುಗಾರಿಕೆ ಮುಂದಿನ ವಾರ. ಒಂದು ಸಾಲು ತಪ್ಪಿದರೆ ಆ ಸಾಲನ್ನಷ್ಟೇ ಮತ್ತೆ ಹಾಡಿ ಅಂಟಿಸಬಹುದು. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿದಾಗ ಆ ಸೌಕರ್ಯ ಇಲ್ಲ. ಹಾಡುವವಳ ಮೈಕಿಗೆ ಅವಳ ದನಿಯ ಜೊತೆ ಹಿಂದೆ ಕೂತ ಡ್ರಮ್ಮಿನ ಸದ್ದೂ ಸೋರುತ್ತದೆ. ಸ್ಟುಡಿಯೊದವರು ಇದನ್ನು ಬ್ಲೀಡ್ ಅನ್ನುತ್ತಾರೆ. ಈಗ ಅವಳು ಒಂದು ಪದ ತಪ್ಪಿದಳು ಅಂತಿಟ್ಟುಕೊಳ್ಳಿ. ಆ ಪದವನ್ನು ಕತ್ತರಿಸಿದರೆ ಡ್ರಮ್ಮಿನ ತುಣುಕೂ ಕತ್ತರಿಸಿ ಹೋಗುತ್ತದೆ. ಹೊಸದಾಗಿ ಹಾಡಿ ಅಲ್ಲಿ ಕೂರಿಸಿದರೆ ಸದ್ದಿನ ಬಣ್ಣ ಹೊಂದುವುದಿಲ್ಲ, ಅಲ್ಲೇ ಗಂಟು ಕಾಣುತ್ತದೆ. ಅದಕ್ಕೇ ತಪ್ಪನ್ನು ಹಾಗೇ ಬಿಡಬೇಕು, ಇಲ್ಲ ಇಡೀ ಹಾಡನ್ನು ಮತ್ತೆ ನುಡಿಸಬೇಕು. ಎರಡು ಗಂಟೆಯಲ್ಲಿ ಎಷ್ಟು ಸಲ ಅಂತ ನುಡಿಸೋಕಾಗುತ್ತೆ?

ಹೀಗಾಗಿ ಬ್ಯಾಂಡು ತಾನಾಗಿಯೇ ಸದ್ದು ಇಳಿಸುತ್ತದೆ. ಡ್ರಮ್ಮರ್ ಕೋಲು ಬಿಟ್ಟು ಬ್ರಷ್ ಹಿಡಿಯುತ್ತಾನೆ, ಕೆಲವೊಮ್ಮೆ ಸ್ನೇರ್ ಡ್ರಮ್ಮಿನ ಮೇಲೆ ಟವೆಲ್ ಹಾಕುತ್ತಾನೆ. ಎಲೆಕ್ಟ್ರಿಕ್ ಗಿಟಾರಿನ ಆಂಪ್ ಗೋಡೆಗೆ ಮುಖ ಮಾಡಿ ಕೂರುತ್ತದೆ, ಇಲ್ಲವೇ ಅಕೌಸ್ಟಿಕ್ ಗಿಟಾರ್ ಬರುತ್ತದೆ. ಆಲ್ಬಮ್ಮಿನಲ್ಲಿ ಹನ್ನೆರಡು ಪಿಟೀಲು ಇದ್ದ ಕಡೆ ಒಬ್ಬನೇ ಕೀಬೋರ್ಡಿನಲ್ಲಿ ಎರಡು ಬೆರಳು ಇಡುತ್ತಾನೆ. ಟೇಪಿನದ್ದೂ ಒಂದು ಮಿತಿ ಇದೆ. 2,500 ಅಡಿಯ ಒಂದು ರೀಲು ಸೆಕೆಂಡಿಗೆ 30 ಇಂಚು ವೇಗದಲ್ಲಿ ಓಡಿದರೆ ಹದಿನಾರೂವರೆ ನಿಮಿಷಕ್ಕೆ ಮುಗಿಯುತ್ತದೆ. ನಾಲ್ಕು ಹಾಡಿಗೆ ಸರಿಹೋಗುತ್ತದೆ ಅಷ್ಟೇ. ಸೆಷನ್‌ಗಳನ್ನು ಹೊಗಳುವವರು ಪ್ರಾಮಾಣಿಕತೆ, ಆತ್ಮ ಅಂತೆಲ್ಲ ದೊಡ್ಡ ಮಾತು ಆಡುತ್ತಾರೆ. ಅರ್ಧಕ್ಕರ್ಧ ಗುಣ ಬಂದಿರುವುದು ಸಮಯ ಕಮ್ಮಿ, ಮೈಕು ಕಮ್ಮಿ, ಸೋರಿಕೆ ಜಾಸ್ತಿ ಅನ್ನುವ ಕಾರಣಕ್ಕೆ. ಅದರಿಂದ ಹಾಡಿನ ಬೆಲೆಯೇನೂ ಕಮ್ಮಿಯಾಗುವುದಿಲ್ಲ. ಒಳ್ಳೆಯ ಹಾಡು ಇಷ್ಟೆಲ್ಲ ಕಳಚಿದ ಮೇಲೂ ನಿಲ್ಲುತ್ತದೆ. ಪದರಗಳ ಮೇಲೇ ನಿಂತಿದ್ದ ಹಾಡು ಅಲ್ಲೇ ಕುಸಿಯುತ್ತದೆ.

ಕಮ್ಮಿ ಸಮಯದಲ್ಲಿ ನಾಲ್ಕು ಹಾಡು ಅನ್ನುವ ಅಳತೆ ಹೊಸದೇನಲ್ಲ. ಬಿಬಿಸಿ ರೇಡಿಯೊದ ನಿರೂಪಕ ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ 4,000ಕ್ಕೂ ಹೆಚ್ಚು ಸೆಷನ್ ಪ್ರಸಾರ ಮಾಡಿದರು. ಹೆಚ್ಚಿನವು ಲಂಡನ್ನಿನ ಮೈಡಾ ವೇಲ್ ಸ್ಟುಡಿಯೊದಲ್ಲಿ ಆದವು. ಬ್ಯಾಂಡು ಮಧ್ಯಾಹ್ನ ಬಂದು, ರಾತ್ರಿಯೊಳಗೆ ನಾಲ್ಕು ಹಾಡು ಮುಗಿಸಿ ಹೋಗಬೇಕು. ದಿ ಫಾಲ್ ಎಂಬ ಒಂದೇ ಬ್ಯಾಂಡು 24 ಸಲ ಬಂದಿತ್ತು. ದಿ ಸ್ಮಿತ್ಸ್ 1984ರಲ್ಲಿ ತಂದ ಸಂಕಲನದಲ್ಲಿ ಬಿಬಿಸಿ ಸೆಷನ್‌ಗಳೇ ತುಂಬಿದ್ದವು. ಅವರ ಮೊದಲ ಆಲ್ಬಮ್ಮಿಗಿಂತ ಅದೇ ವಾಸಿ ಅನ್ನುವ ಅಭಿಮಾನಿಗಳು ಈಗಲೂ ಸಿಗುತ್ತಾರೆ.

ಈ ಪದ್ಧತಿ ಹುಟ್ಟಿದ್ದು ಕಲೆಯ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ. ಬಿಬಿಸಿ ದಿನಕ್ಕೆ ಇಷ್ಟೇ ಹೊತ್ತು ರೆಕಾರ್ಡ್ ಹಾಕಬಹುದು ಅನ್ನುವ ಒಪ್ಪಂದ ಇತ್ತು, ನೀಡಲ್ ಟೈಮ್ ಅಂತ ಅದರ ಹೆಸರು. ರೆಕಾರ್ಡ್ ತಿರುಗಿದಷ್ಟೂ ನುಡಿಸುವವರ ಹೊಟ್ಟೆಗೆ ಹೊಡೆತ ಅಂತ ಸಂಗೀತಗಾರರ ಸಂಘ ಪಟ್ಟು ಹಿಡಿದಿತ್ತು. ಉಳಿದ ಹೊತ್ತು ತುಂಬಿಸೋಕೆ ಬಿಬಿಸಿ ಬ್ಯಾಂಡುಗಳನ್ನು ಕರೆಸಿ ಸ್ಟುಡಿಯೊದಲ್ಲೇ ನುಡಿಸಬೇಕಾಯಿತು. ನಮ್ಮಲ್ಲೂ ಇದರ ಸೋದರ ಕಥೆ ಒಂದಿದೆ. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳನ್ನು ಹಿಂಡಿಹಾಕಿದರು. ಕೇಳುಗರು ರೇಡಿಯೊ ಸಿಲೋನ್ ಕಡೆ ಓಡಿದರು, ಅದು ಬೇರೆ ಮಾತು. ಆದರೆ ಖಾಲಿ ಬಿದ್ದ ಹೊತ್ತನ್ನು ತುಂಬೋಕೆ ಆಕಾಶವಾಣಿ ತನ್ನದೇ ಲಘು ಸಂಗೀತ ವಿಭಾಗಗಳನ್ನು ಕಟ್ಟಿತು. ಕನ್ನಡದ ಸುಗಮ ಸಂಗೀತಕ್ಕೆ ಆ ಸ್ಟುಡಿಯೊಗಳು ಎಷ್ಟು ಆಸರೆಯಾದವು ಅಂತ ಹಳೆಯ ಕೇಳುಗರಿಗೆ ಹೇಳಬೇಕಿಲ್ಲ. ಎರಡೂ ಕಡೆ ಒಂದು ಸಾಮ್ಯ ಗಮನಿಸಿ: ಸ್ಟುಡಿಯೊಗೆ ಬಂದ ಕಲಾವಿದರಿಗೆ ಸಂಭಾವನೆ ಇತ್ತು. ಬಿಬಿಸಿ ಫೀಸು ಕೊಡುತ್ತಿತ್ತು, ಆಕಾಶವಾಣಿ ಚೆಕ್ಕು ಕೊಡುತ್ತಿತ್ತು. ಚೆಕ್ಕು ಸಣ್ಣದಿರಬಹುದು, ಆದರೂ ಚೆಕ್ಕೇ ಅಲ್ವಾ?

ಇಂಟರ್ನೆಟ್ ಕಾಲದ ಸೆಷನ್ ಈ ಚೆಕ್ಕನ್ನು ಕೈಬಿಟ್ಟಿತು. ಅದರ ಬದಲಿಗೆ ಕೊಟ್ಟದ್ದು ಪ್ರಚಾರ. 2006ರಿಂದ ಸುಮಾರು 2011ರವರೆಗೆ ಇದು ಮೋಸದ ವ್ಯಾಪಾರವೇನೂ ಆಗಿರಲಿಲ್ಲ. ಸಿಡಿ ಮಾರಾಟ ಬಿದ್ದುಹೋಗುತ್ತಿತ್ತು. ಐಟ್ಯೂನ್ಸಿನಲ್ಲಿ ಒಂದು ಹಾಡಿಗೆ 99 ಸೆಂಟ್. ಹೆಸರೇ ಕೇಳದ ಬ್ಯಾಂಡಿಗೆ ಅಷ್ಟು ಕೊಡುವವರು ಯಾರು? 2007ರ ಅಕ್ಟೋಬರಿನಲ್ಲಿ ರೇಡಿಯೊಹೆಡ್‌ನಂಥ ದೊಡ್ಡ ಬ್ಯಾಂಡೇ ಹೊಸ ಆಲ್ಬಮ್ಮನ್ನು 'ನಿಮಗೆ ತೋಚಿದಷ್ಟು ಕೊಡಿ' ಅಂತ ಬಿಟ್ಟಿತು. ಸ್ಪಾಟಿಫೈ ಅಮೆರಿಕಕ್ಕೆ ಕಾಲಿಟ್ಟಿದ್ದು 2011ರ ಜುಲೈನಲ್ಲಿ. ಸಿಡಿ ಸಾಯುತ್ತಾ ಇದ್ದು ಸ್ಟ್ರೀಮಿಂಗ್ ಇನ್ನೂ ಬಾರದ ಆ ಸಂದಿಯಲ್ಲಿ ಎಂಪಿ3 ಒಂದು ಒಳ್ಳೆಯ ಕರಪತ್ರವಾಗಿತ್ತು. ಕೇಳುಗ ಇಳಿಸಿಕೊಳ್ಳುತ್ತಿದ್ದ, ಐಪಾಡಿಗೆ ಹಾಕುತ್ತಿದ್ದ, ಗೆಳೆಯನಿಗೆ ಕಳಿಸುತ್ತಿದ್ದ. ಮುಂದಿನ ತಿಂಗಳು ಬ್ಯಾಂಡು ಅವನ ಊರಿಗೆ ಬಂದರೆ ಟಿಕೆಟ್ ಕೊಳ್ಳುತ್ತಿದ್ದ.

ಕೊಡುವವರಿಗೆ ಖರ್ಚಿತ್ತು ಅನ್ನುವುದನ್ನೂ ಮರೆಯಬಾರದು. ನಾಲ್ಕು ನಿಮಿಷದ ಹಾಡನ್ನು 128 ಕೆಬಿಪಿಎಸ್‌ನಲ್ಲಿ ಇಟ್ಟರೂ ಸುಮಾರು 4 ಎಂಬಿ. ನಾಲ್ಕು ಹಾಡು ಅಂದರೆ 16 ಎಂಬಿ, ಹತ್ತು ಸಾವಿರ ಜನ ಇಳಿಸಿಕೊಂಡರೆ 160 ಜಿಬಿ. ಆ ದಿನಗಳ ಸರ್ವರ್ ಬಿಲ್ಲಿಗೆ ಅದು ಸಣ್ಣ ತೂಕವಲ್ಲ. ಕಾನೂನಿನ ಗಂಟುಗಳು ಬೇರೆ. ರೆಕಾರ್ಡ್ ಕಂಪನಿಗಳ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ನಮಗೆ ಹಾಡಿಕೊಟ್ಟ ಹಾಡನ್ನು ಇಷ್ಟು ವರ್ಷ ಬೇರೆ ಯಾರಿಗೂ ರೆಕಾರ್ಡ್ ಮಾಡಿಕೊಡಬಾರದು. ಹಾಗಾಗಿ ಸೆಷನ್ನಿಗೆ ಕಂಪನಿಯ ಒಪ್ಪಿಗೆ ಬೇಕು. ಸಣ್ಣ ಕಂಪನಿಗಳು ಪ್ರಚಾರದ ಆಸೆಗೆ ಬೇಗ ಒಪ್ಪುತ್ತಿದ್ದವು, ದೊಡ್ಡವು ಎಳೆದಾಡುತ್ತಿದ್ದವು. ಈ ಥರದ ಸೆಷನ್‌ಗಳಲ್ಲಿ ಇಂಡಿ ಬ್ಯಾಂಡುಗಳೇ ಜಾಸ್ತಿ ಇರುವುದಕ್ಕೆ ರುಚಿಯಷ್ಟೇ ಈ ಷರತ್ತೂ ಕಾರಣ. ಇನ್ನು ಬೇರೆಯವರ ಹಾಡು ಹಾಡಿದರೆ? ಕೊಡುವುದು ಪುಕ್ಕಟೆಯಾದರೂ ಬರೆದವರ ಹಕ್ಕು ಪುಕ್ಕಟೆಯಲ್ಲ. ಅಮೆರಿಕದಲ್ಲಿ 2006ರಿಂದ ಬಹಳ ವರ್ಷ ಒಂದು ಪ್ರತಿಗೆ 9.1 ಸೆಂಟ್ ದರ ಇತ್ತು. ಹತ್ತು ಸಾವಿರ ಡೌನ್‌ಲೋಡ್ ಆದರೆ 910 ಡಾಲರ್. ತಮ್ಮದೇ ಹಾಡಾದರೆ ಬರೆದವರು ಬಿಟ್ಟುಕೊಡಬಹುದು. ಬೇರೆಯವರದಾದರೆ ಯಾರೋ ಒಬ್ಬರು ಕಟ್ಟಲೇಬೇಕು.

ಆಮೇಲೆ ಸ್ಟ್ರೀಮಿಂಗ್ ಬಂತು. ಕೇಳುಗನಿಗೆ ಫೈಲು ಬೇಡವಾಯಿತು. ಡೇಟ್ರಾಟರ್ ಕೂಡ ಪುಕ್ಕಟೆ ನಿಲ್ಲಿಸಿ ತಿಂಗಳಿಗೆ 2 ಡಾಲರ್ ಚಂದಾ ಇಟ್ಟಿತು. ಮುಂದೆ ನದಿ ದಾಟಿ ಆಚೆ ದಡದ ಡ್ಯಾವೆನ್‌ಪೋರ್ಟ್‌ಗೆ ಹೋಯಿತು. ಕೊನೆಗೆ ಹೊಸ ಸೆಷನ್ ಬರುವುದೇ ನಿಂತಿತು. ಅವತ್ತು ಇಳಿಸಿಕೊಂಡವರ ಹಾರ್ಡ್‌ಡಿಸ್ಕಿನಲ್ಲಿ ಮಾತ್ರ ಆ ಹಾಡುಗಳು ಯಾರ ಅಪ್ಪಣೆಯೂ ಬೇಡದೆ ಕೂತಿವೆ.

ಹಾಡನ್ನು ಕೇಳಿಸಿದರೆ ಸಾಕೋ, ಫೈಲನ್ನೇ ಕೊಡಬೇಕೋ ಅನ್ನುವ ಜಗಳದ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಲೈವ್ ಸಂಗೀತದ ಭಂಡಾರ ಒಂದಿದೆ. ಬ್ಯಾಂಡುಗಳ ಒಪ್ಪಿಗೆ ಪಡೆದು 2002ರಿಂದ ಕಟ್ಟಿದ್ದು. 2005ರ ನವೆಂಬರಿನಲ್ಲಿ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ರೆಕಾರ್ಡಿಂಗ್‌ಗಳು ಅಲ್ಲಿಂದ ಏಕಾಏಕಿ ಮಾಯವಾದವು. ಅಭಿಮಾನಿಗಳು ರೇಗಿದರು. ಆಮೇಲೆ ಆದ ರಾಜಿ ನೋಡಿ: ಪ್ರೇಕ್ಷಕರು ತಾವೇ ಮೈಕಿಟ್ಟು ಹಿಡಿದದ್ದನ್ನು ಇಳಿಸಿಕೊಳ್ಳಬಹುದು, ಬ್ಯಾಂಡಿನ ಸೌಂಡ್‌ಬೋರ್ಡಿನಿಂದ ಬಂದ ಚೊಕ್ಕ ಪ್ರತಿಯನ್ನು ಅಲ್ಲೇ ಕೇಳಬಹುದು ಅಷ್ಟೇ. ಕೇಳಿಸುವುದು ಬೇರೆ, ಕೊಡುವುದು ಬೇರೆ ಅನ್ನುವ ಗೆರೆಯನ್ನು ಅವತ್ತೇ ಎಳೆದಾಗಿತ್ತು.

ಈಗ ದೊಡ್ಡ ಸೆಷನ್‌ಗಳೆಲ್ಲ ಆ ಗೆರೆಯ ಒಂದೇ ಪಕ್ಕದಲ್ಲಿವೆ. ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್‌ನ ಟೈನಿ ಡೆಸ್ಕ್ 2008ರಲ್ಲಿ ಶುರುವಾಯಿತು. ಲಾರಾ ಗಿಬ್ಸನ್ ಅನ್ನುವ ಗಾಯಕಿ ಆಸ್ಟಿನ್ ಊರಿನ ಒಂದು ಬಾರಿನಲ್ಲಿ ಹಾಡುತ್ತಿದ್ದರು. ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ. ನಮ್ಮ ಆಫೀಸಿಗೇ ಬಂದು ಹಾಡಿ ಅಂತ ಅಲ್ಲಿದ್ದ ಎನ್‌ಪಿಆರ್‌ನವರು ತಮಾಷೆ ಮಾಡಿದ್ದು ಹಾಗೇ ಕಾರ್ಯಕ್ರಮವಾಯಿತು. ಆಫೀಸಿನ ಮೇಜಿನ ಹಿಂದೆ ಹಾಡುವವರ ದನಿಗೆ ಸ್ಪೀಕರ್ ಇರುವುದಿಲ್ಲ. ದನಿ ಮುಚ್ಚಿಹೋಗದ ಹಾಗೆ ವಾದ್ಯದವರು ಕೈ ತಗ್ಗಿಸಲೇಬೇಕು. ಮೇಲೆ ಹೇಳಿದ ಟವೆಲ್ಲಿನ ಶಿಸ್ತೇ ಇದು. ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊ ಕೇಳುಗರ ದೇಣಿಗೆಯಿಂದ ನಡೆಯುತ್ತದೆ, ಅದರ ಸೆಷನ್‌ಗಳೂ ವಿಡಿಯೊ ಆಗಿ ಜಗತ್ತು ಸುತ್ತುತ್ತವೆ. ಇವೆರಡರ ಮೇಲೆ ನನಗೆ ತಕರಾರಿಲ್ಲ. ಲಾಭಕ್ಕೆ ನಡೆಯುವ ಸಂಸ್ಥೆಗಳಲ್ಲ, ಹುಡುಕಿ ಹುಡುಕಿ ಹೊಸಬರನ್ನು ತರುತ್ತಾರೆ. ತಕರಾರು ಇರುವುದು ಸ್ಪಾಟಿಫೈ 2016ರಿಂದ ಮಾಡುತ್ತಿರುವಂಥ ಸೆಷನ್‌ಗಳ ಮೇಲೆ. ಕಲಾವಿದರು ಕಂಪನಿಯ ಸ್ಟುಡಿಯೊಗೆ ಬಂದು ತಮ್ಮದೊಂದು ಹಾಡು, ಬೇರೆಯವರದೊಂದು ಹಾಡು ಹಾಡುತ್ತಾರೆ. ಅದು ಆ ವೇದಿಕೆಯೊಳಗೇ ಇರುತ್ತದೆ. ಸೆಷನ್ನಿನ ಗುಣ ಎಲ್ಲ ಉಂಟು, ಹಂಚಿಕೊಳ್ಳುವ ಗುಣ ಒಂದಿಲ್ಲ. ಮೊದಲು ಸೆಷನ್ ಕೇಳಿದವನು ಬ್ಯಾಂಡಿನ ಕಡೆ ಬರುತ್ತಿದ್ದ. ಈಗ ಬ್ಯಾಂಡಿನ ಅಭಿಮಾನಿ ವೇದಿಕೆಯ ಕಡೆ ಹೋಗುತ್ತಾನೆ.

ಸಣ್ಣ ಬ್ಯಾಂಡಿನ ಲೆಕ್ಕ ಇನ್ನೂ ಕೆಟ್ಟದ್ದು. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಆ ರೆಕಾರ್ಡಿಂಗಿಗೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೊದಲ ಹಾಡು ಬಿಟ್ಟ ಹುಡುಗರಿಗೆ ಈ ಸಾವಿರ ದಾಟುವುದು ಸುಲಭವಲ್ಲ. ಅಂದರೆ ಅವರು ಹೇಗೂ ಪುಕ್ಕಟೆಯೇ ಕೊಡುತ್ತಿದ್ದಾರೆ. ಕೇಳಿದವನು ಯಾರು, ಎಲ್ಲಿಯವನು, ಅವನಿಗೆ ಮುಂದಿನ ಕಾರ್ಯಕ್ರಮದ ಸುದ್ದಿ ಮುಟ್ಟಿಸುವುದು ಹೇಗೆ, ಯಾವುದೂ ಅವರಿಗೆ ಗೊತ್ತಾಗುವುದಿಲ್ಲ. ಅದೇ ನಾಲ್ಕು ಹಾಡನ್ನು ಡೌನ್‌ಲೋಡಿಗೆ ಇಟ್ಟು, ಬದಲಿಗೆ ಒಂದು ಇಮೇಲ್ ವಿಳಾಸ ಕೇಳಿದರೆ? ಇನ್ನೂರು ವಿಳಾಸ ಸಿಕ್ಕರೂ ಸಣ್ಣ ಹಾಲಿನ ಅರ್ಧ ಕುರ್ಚಿಗೆ ಆಸೆ ಇಟ್ಟುಕೊಳ್ಳಬಹುದು. ಪುಕ್ಕಟೆ ಡೌನ್‌ಲೋಡ್ ಹಳೇ ಕಾಲದ್ದು ಅಂತ ನಗುವವರು ಈ ಲೆಕ್ಕವನ್ನು ಒಮ್ಮೆ ಹಾಕಬೇಕು.

ಇದಕ್ಕೆ ಕಲಾವಿದರು ತಾವೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ತಾಣ ಇದೆಯಲ್ಲ ಅಂತ ಕೇಳಬಹುದು. ಇದೆ. ಸೊನ್ನೆಯಿಂದ ಶುರುವಾಗಿ ನಿಮಗೆ ಇಷ್ಟ ಬಂದಷ್ಟು ಕೊಡಿ ಅನ್ನುವ ಸೌಲಭ್ಯವೂ ಅಲ್ಲಿದೆ. ಡಿಜಿಟಲ್ ಮಾರಾಟದಲ್ಲಿ ಅದು ಹಿಡಿಯುವುದು ಶೇ 15. ಆದರೆ 2022ರಲ್ಲಿ ಅದನ್ನು ವಿಡಿಯೊ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಎಂಬ ಇನ್ನೊಂದು ಕಂಪನಿಗೆ ಮಾರಿತು. ಆ ಗಡಿಬಿಡಿಯಲ್ಲಿ ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ನಮ್ಮವರಿಗೆ ಇನ್ನೊಂದು ತಾಪತ್ರಯ. ಅಲ್ಲಿ ಕಲಾವಿದರ ಕೈಗೆ ದುಡ್ಡು ಬರುವುದು ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿತು. ಅಲ್ಲಿಂದಾಚೆ ಜಯನಗರದ ಕೇಳುಗ ಮಲ್ಲೇಶ್ವರದ ಬ್ಯಾಂಡಿಗೆ ಆ ದಾರಿಯಲ್ಲಿ ನೂರು ರೂಪಾಯಿ ದಾಟಿಸುವುದು ತಲೆನೋವಿನ ಕೆಲಸ. ಎಳನೀರಿನ ಗಾಡಿಯಲ್ಲೂ ಯುಪಿಐ ಇರುವ ದೇಶದಲ್ಲಿ ಇದು ವಿಚಿತ್ರ. ಫೈಲು ಪುಕ್ಕಟೆ ಕೊಟ್ಟು ಪಕ್ಕದಲ್ಲಿ ಕ್ಯೂಆರ್ ಕೋಡ್ ಇಡುವುದೇ ಸದ್ಯಕ್ಕೆ ಕಮ್ಮಿ ರಗಳೆಯ ದಾರಿ.

ಹಾಡಿನ ಆಯ್ಕೆಯ ವಿಷಯದಲ್ಲಿ ಕನ್ನಡದ ಬ್ಯಾಂಡುಗಳಿಗೆ ಒಂದು ಅನುಕೂಲ ಇದೆ, ಜೊತೆಗೆ ಒಂದು ಅಪಾಯವೂ ಇದೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ತತ್ವಪದ, ದಾಸರ ಪದ, ಶರಣರ ವಚನ, ಇವುಗಳ ಮೂಲ ಸಾಹಿತ್ಯಕ್ಕೆ ಯಾರ ಕಾಪಿರೈಟೂ ಇಲ್ಲ. ರಘು ದೀಕ್ಷಿತ್ ಶರೀಫರ ಪದಗಳನ್ನು ರಾಕ್ ವೇದಿಕೆಗೆ ತಂದ ಮೇಲೆ ಈ ದಾರಿ ಹಿಡಿದವರು ಬಹಳ. ಹಂಚೋಕೂ ಅಡ್ಡಿಯಿಲ್ಲ. ಅಪಾಯ ಇರುವುದು ಧಾಟಿಯಲ್ಲಿ. ಪದ ಶರೀಫರದ್ದಾದರೂ ರಾಗ ಹಾಕಿದ್ದು ಸಿ. ಅಶ್ವತ್ಥ್ ಆಗಿದ್ದರೆ ಆ ಸಂಗೀತಕ್ಕೆ ಹಕ್ಕು ಜೀವಂತವಾಗಿದೆ. ಭಾರತದಲ್ಲಿ ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳು 2041 ಮುಗಿಯುವವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದ್ದು 2054 ಮುಗಿಯುವವರೆಗೆ. ಭಾವಗೀತೆಯನ್ನು ಗಿಟಾರಿಗೆ ಹೊಂದಿಸಿ, 'ದುಡ್ಡು ತಗೊಳ್ತಿಲ್ಲವಲ್ಲ, ಸುಮ್ನೆ ಪ್ರೀತಿಗೆ ಹಾಕಿದ್ದು' ಅಂದರೆ ಆ 9.1 ಸೆಂಟಿನ ಪಾಠ ಇಲ್ಲೂ ಅನ್ವಯಿಸುತ್ತದೆ.

ಇನ್ನು ಸೆಷನ್ ಮಾಡಿಕೊಡುತ್ತೇವೆ ಅಂತ ಕರೆಯುವವರ ವಿಷಯ. ಯೂಟ್ಯೂಬ್ ಚಾನೆಲ್, ಕೆಫೆ, ಗಿಟಾರ್ ಅಂಗಡಿ, ಪಾನೀಯದ ಬ್ರ್ಯಾಂಡ್, ಯಾರು ಬೇಕಾದರೂ ಇರಬಹುದು. ಸಂಭಾವನೆ ಇಲ್ಲ ಅಂದ ಮಾತ್ರಕ್ಕೆ ಬೇಡ ಅನ್ನಬೇಕಿಲ್ಲ. ರಾಕ್ ಐಲೆಂಡಿನಲ್ಲಿ ನಿಂತ ವ್ಯಾನುಗಳಿಗೂ ಹೇಗೂ ಮುಂದಿನ ಊರಿಗೆ ಹೋಗುವುದಿತ್ತು, ಎರಡು ಗಂಟೆಗೆ ಒಂದು ಒಳ್ಳೆಯ ರೆಕಾರ್ಡಿಂಗ್ ಸಿಕ್ಕಿತು. ಪ್ರವಾಸವೇ ಇಲ್ಲದ ಬ್ಯಾಂಡಿಗೆ ಆ ಲಾಭ ಅರ್ಧವಾಗುತ್ತದೆ. ಪ್ರಚಾರ ಸಿಕ್ಕಿತು ಸರಿ, ಆದರೆ ಟಿಕೆಟ್ ಕೊಳ್ಳೋಕೆ ಕಾರ್ಯಕ್ರಮ ಎಲ್ಲಿದೆ? ನನ್ನ ಪ್ರಕಾರ ಮೊದಲು ಮಾತಾಡಬೇಕಾದ್ದು ಮಾಸ್ಟರ್ ರೆಕಾರ್ಡಿಂಗ್, ಅಂದರೆ ಮೂಲ ಪ್ರತಿ, ಯಾರದ್ದು ಅನ್ನುವುದನ್ನು. ವಿಡಿಯೊ ಅವರದ್ದಾಗಿರಲಿ, ಹಾಕಿಕೊಳ್ಳಲಿ, ಜಾಹೀರಾತಿನ ದುಡ್ಡೂ ಅವರೇ ಇಟ್ಟುಕೊಳ್ಳಲಿ. ಆಡಿಯೊ ಬ್ಯಾಂಡಿನದ್ದಾಗಿರಲಿ, ಮಿಕ್ಸ್ ಮಾಡುವ ಮೊದಲಿನ ಒಂದೊಂದು ಟ್ರ್ಯಾಕೂ ಸೇರಿ. ಆರು ತಿಂಗಳಾದ ಮೇಲೆ ಅದನ್ನು ಬ್ಯಾಂಡು ಎಲ್ಲಿ ಬೇಕಾದರೂ ಹಾಕಬಹುದು, ಯಾರಿಗೆ ಬೇಕಾದರೂ ಕೊಡಬಹುದು ಅಂತ ಎರಡು ಸಾಲು ಇಮೇಲಿನಲ್ಲಿ ಬರೆಸಿಕೊಂಡರೂ ಆರಂಭಕ್ಕೆ ಸಾಕು. ಇಷ್ಟಕ್ಕೂ ಒಪ್ಪದವರು ಅಪರೂಪ. ಕೇಳುವವರೇ ಇಲ್ಲದ ಕಾರಣ ಕೊಡುವವರು ಯೋಚಿಸಿಯೇ ಇರುವುದಿಲ್ಲ.